ಮಧ್ಯಾಹ್ನ ಮೂರಕ್ಕೆ ಅಂಕಿ ತಪ್ಪುವ ತಂಗಿಗೆ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಬೇರೆ ಬೇರೆ ಊರಿನವಾದರೂ ದೂರು ಹೆಚ್ಚು ಕಡಿಮೆ ಒಂದೇ: ಹೇಳಿಕೊಳ್ಳುವಂಥ ರೋಗವಿಲ್ಲ, ಆದರೂ ಕೆಲಸದ ಹೊತ್ತಿನಲ್ಲಿ ತಲೆ ಓಡುವುದಿಲ್ಲ. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ವೈದ್ಯಾಧಿಕಾರಿಯಾಗಿದ್ದಷ್ಟು ಕಾಲವೂ ನನ್ನ ಮೇಜಿನ ಮುಂದೆ ಪದೇ ಪದೇ ಬಂದು ಕೂತದ್ದು ಇದೇ ದೂರು. ಹಾಗಾಗಿ ಈ ಪುಟವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರಕ್ಕಗೆ ಶರಣು. ನಾನು ಕಲಬುರಗಿಯ ಒಂದು ಬ್ಯಾಳಿ ಮಿಲ್ಲಿನ ಆಫೀಸಿನ್ಯಾಗ ಕಂಪ್ಯೂಟರ್ ಎಂಟ್ರಿ ಮಾಡ್ತೀನ್ರಿ. ಕಾಟಾ ಚೀಟಿ ನೋಡಿ ಚೀಲ, ತೂಕ, ರೇಟು ಹಾಕೂದು. ಮುಂಜಾನೆ ಒಂದೂ ತಪ್ಪಾಗಂಗಿಲ್ಲ. ಮಧ್ಯಾಹ್ನ ಮೂರರ ಮ್ಯಾಲೆ 68 ಇದ್ದದ್ದು 86 ಆಗ್ತದ, ಒಂದೇ ಚೀಟಿ ಎರಡು ಸಲ ಏರ್ತದ. ಮಾಲಕ್ರು ‘ಮೊಬೈಲ್ ನೋಡ್ತಾ ಕೂತಿರ್ತಿ, ಅದಕ್ಕ’ ಅಂತಾರ. ನಾ ಮೊಬೈಲ್ ಮುಟ್ಟಂಗಿಲ್ರಿ. ರಕ್ತ ಪರೀಕ್ಷಾ ಮಾಡಿಸೀನಿ, ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಎಲ್ಲಾ ಸರಿ ಅದ. ಆಫೀಸು ಮಷೀನಿನ ಗೋಡಿಗೆ ಹಚ್ಚಿ ಅದ. ಮ್ಯಾಲೆ ಪತ್ರಾಸು. ಧೂಳು ಬರ್ತದಂತ ಕಿಟಕಿ ಮುಚ್ಚಿ ಒಳಗ ಕೂಲರ್ ಇಟ್ಟೀವಿ. ವಯಸ್ಸು 29. ನನ್ನ ತಲೀನ ಮಂದ ಆಗ್ಲಿಕತ್ತದೇನ್ರಿ?
— ಹೆಸರು ಬೇಡ, ಕಲಬುರಗಿ

ಉತ್ತರ: ತಂಗಿ, ನಿನ್ನ ತಲೆ ಮಂದವಾಗಿಲ್ಲ. ಧೈರ್ಯವಾಗಿ ಹೀಗೆ ಹೇಳಲು ನಿನ್ನ ಪತ್ರದಲ್ಲೇ ಆಧಾರವಿದೆ. ಬುದ್ಧಿ ಕುಂದಿದ್ದರೆ ಅದು ಬೆಳಿಗ್ಗೆ ಹತ್ತಕ್ಕೂ ಕುಂದಿರುತ್ತಿತ್ತು. ಮೂರರ ಮೇಲೆ ನಿನಗೆ ಕೈಕೊಡುತ್ತಿರುವುದು ಎಚ್ಚರ. ಚೀಟಿಯ ಮೇಲಿನ ಅಂಕಿ ಕಣ್ಣಿಗೆ ಬಿದ್ದು, ಮೆದುಳು ಅದನ್ನು ಹಿಡಿದಿಟ್ಟುಕೊಂಡು ಬೆರಳಿಗೆ ತಲುಪಿಸುವ ತನಕ ಗಮನ ಬೇರೆಲ್ಲೂ ಜಾರದೆ ಇರಬೇಕಲ್ಲ, ಆ ಎಚ್ಚರ.

ನಿನ್ನ ಪತ್ರದಲ್ಲಿ ರೋಗಲಕ್ಷಣಕ್ಕಿಂತ ಕೋಣೆಯ ವಿವರವೇ ಹೆಚ್ಚಿದೆ. ನನಗೆ ಬೇಕಾದದ್ದೂ ಅದೇ. ಮಷೀನಿನ ಗೋಡೆ, ಪತ್ರಾಸು, ಮುಚ್ಚಿದ ಕಿಟಕಿ, ಕೂಲರು. ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಯಾವುದೂ ದೊಡ್ಡದಲ್ಲ. ಇನ್‌ಸ್ಪೆಕ್ಟರ್ ಬಂದರೂ ದೋಷ ಎಂದು ಬರೆದುಕೊಳ್ಳಲಿಕ್ಕಿಲ್ಲ. ಆದರೆ ಐವತ್ತು ಕಿಲೋ ಚೀಲ ಹೊತ್ತ ಹಮಾಲನ ಬೆನ್ನ ಮೇಲೆ ಐದೈದು ಕಿಲೋದ ಗಂಟು ಇಡುತ್ತ ಹೋಗಿ, ಕೊನೆಗೆ ಯಾವ ಗಂಟಿಗೆ ಆತ ಕುಸಿದ ಎಂದು ಕೇಳಿದರೆ ಏನು ಹೇಳುವುದು? ನಿನ್ನ ಮೂರು ಗಂಟೆಯ ಲೆಕ್ಕವೂ ಅದೇ.

ಮೊದಲು ಸದ್ದು. ಎಂಟು ತಾಸಿನ ಪಾಳಿಗೆ ನಮ್ಮ ಕಾರ್ಖಾನೆ ನಿಯಮಗಳು 90 ಡೆಸಿಬಲ್ ತನಕ ಒಪ್ಪುತ್ತ ಬಂದಿವೆ. ಹೊರದೇಶದ ತಜ್ಞರು 85 ದಾಟಬಾರದು ಎನ್ನುತ್ತಾರೆ. ರೋಲರ್, ಎಲಿವೇಟರ್, ಜರಡಿಗಳ ಪಕ್ಕ ನಿಂತವನಿಗೆ ಈ ಮಿತಿ ಅನ್ವಯಿಸುತ್ತದೆ. ಗೋಡೆಯ ಈಚೆ ಕೂತ ನಿನಗೆ ಕೇಳುವುದು ಅದಕ್ಕಿಂತ ಎಷ್ಟೋ ಕಡಿಮೆ, ಆದ್ದರಿಂದ ಅಲ್ಲಿ ಅಳೆಯುವವರೇ ಇಲ್ಲ. ಒಂದು ಮಾತು ಎಲ್ಲರೂ ಮರೆಯುತ್ತಾರೆ: ಆ ಮಿತಿಗಳನ್ನು ಇಟ್ಟದ್ದು ಕಿವಿ ಕಿವುಡಾಗದಿರಲಿ ಎಂದು. ಮೆದುಳಿನ ಮೇಲೆ ಏನಾಗುತ್ತದೆ ಎಂಬುದನ್ನು ನೋಡಿ ಇಟ್ಟದ್ದಲ್ಲ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗ್ಯಾರಿ ಇವಾನ್ಸ್ ಮತ್ತು ಡೇನಾ ಜಾನ್ಸನ್ 2000ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಿನಗಾಗಿಯೇ ಮಾಡಿದಂತಿದೆ. ಅದರಲ್ಲಿದ್ದವರು ಗುಮಾಸ್ತೆ ಕೆಲಸದ 40 ಹೆಂಗಸರು. ಅರ್ಧ ಮಂದಿಯನ್ನು ಮೂರು ತಾಸು ಸಾಧಾರಣ ಆಫೀಸಿನ ಹದವಾದ ಗದ್ದಲದಲ್ಲಿ ಕೂರಿಸಿದರು, ಉಳಿದವರನ್ನು ಶಾಂತ ಕೋಣೆಯಲ್ಲಿ. ಗದ್ದಲದಲ್ಲಿದ್ದವರ ಮೂತ್ರದಲ್ಲಿ, ಒತ್ತಡವಾದಾಗ ಮೈ ಸುರಿಸುವ ಅಡ್ರಿನಲಿನ್ ಏರಿತ್ತು. ಆಮೇಲೆ ಒಗಟು ಬಿಡಿಸಲು ಕೊಟ್ಟಾಗ ಅವರು ಬೇಗ ಕೈಚೆಲ್ಲಿದರು. ಕುರ್ಚಿಯಲ್ಲಿ ಹೊರಳಿ ಕೂರುವುದೂ ಕಡಿಮೆಯಾಗಿತ್ತು, ಮೈ ಬಿಗಿಹಿಡಿದು ಕೂತಿದ್ದರು. ‘ನಿಮಗೆ ಒತ್ತಡ ಅನ್ನಿಸಿತೇ’ ಎಂದು ಕೇಳಿದರೆ ಎರಡೂ ಗುಂಪಿನ ಉತ್ತರದಲ್ಲಿ ವ್ಯತ್ಯಾಸವಿರಲಿಲ್ಲ. ಅಂದರೆ ಮೈಗೆ ಗೊತ್ತಾಗಿತ್ತು, ಮನಸ್ಸಿಗೆ ಗೊತ್ತಾಗಿರಲಿಲ್ಲ. ‘ಮಷೀನಿನ ಸದ್ದು ನಮಗ ರೂಢಿ ಆಗ್ಯದ್ರಿ’ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಸದಾ ಒಂದೇ ಸಮ ಗುಂಯ್ ಎನ್ನುವ ಸದ್ದಿಗಿಂತ ಯಾವಾಗ ಬರುತ್ತದೆಂದು ಗೊತ್ತಿಲ್ಲದ ಸದ್ದು ಕೆಟ್ಟದ್ದು: ಲಾರಿಯ ಹಾರ್ನು, ಮಾಲಕರ ಫೋನು, ಧಡ್ ಎಂದು ಬೀಳುವ ಚೀಲ. ಅದಕ್ಕಿಂತಲೂ ಕೆಟ್ಟದ್ದು ಅರ್ಥವಾಗುವ ಮಾತು. ಪಕ್ಕದಲ್ಲಿ ಯಾರೋ ‘ಎಪ್ಪತ್ತೆರಡು ಚೀಲ’ ಎಂದು ಕೂಗುತ್ತಿರುವಾಗ ನೀನು 68 ಒತ್ತಬೇಕು ಎಂದರೆ ಎಂಥ ಚುರುಕು ತಲೆಯೂ ಎಡವುತ್ತದೆ.

ಇನ್ನು ಸೆಖೆ. ನಮ್ಮಲ್ಲಿ ಏಪ್ರಿಲ್, ಮೇ ಎಂದರೆ 42 ಡಿಗ್ರಿ ಮಾಮೂಲು. ಪತ್ರಾಸಿನ ಕೆಳಗೆ ಕೂತವರಿಗೆ ಗಾಳಿಯ ಬಿಸಿಯ ಜೊತೆಗೆ ತಲೆಯ ಮೇಲಿನ ತಗಡು ಸೂಸುವ ಝಳವೂ ಸೇರುತ್ತದೆ. ಮೈ ತಣ್ಣಗಿಡಲು ರಕ್ತ ಚರ್ಮದ ಕಡೆ ಹರಿಯಬೇಕು, ಹೃದಯ ಹೆಚ್ಚು ಬಡಿಯಬೇಕು, ಬೆವರು ಸುರಿಯಬೇಕು. 2016ರ ಬೇಸಿಗೆಯಲ್ಲಿ ಬೋಸ್ಟನ್ನಿನಲ್ಲಿ 44 ವಿದ್ಯಾರ್ಥಿಗಳನ್ನು ಬಿಸಿಗಾಳಿಯ ದಿನಗಳಲ್ಲಿ ಪರೀಕ್ಷಿಸಿದರು. ಎಸಿ ಇಲ್ಲದ ಹಾಸ್ಟೆಲಿನಲ್ಲಿ ಮಲಗಿದವರು ಬೆಳಿಗ್ಗೆದ್ದು ಉತ್ತರ ಒತ್ತುವುದರಲ್ಲಿ ಸುಮಾರು 13% ನಿಧಾನವಾಗಿದ್ದರು. ಆ ಅಂಕಿಯನ್ನು ನಮಗೆ ಹಾಗೇ ಹಚ್ಚಲಾಗದು, ನಮ್ಮ ಮೈ ಬಿಸಿಲಿಗೆ ಹೊಂದಿಕೊಂಡದ್ದು. ಆದರೆ ಹೊಂದಿಕೊಳ್ಳುವುದಕ್ಕೂ ಒಂದು ಮಿತಿ ಇದೆ.

ಈಗ ನಿನ್ನ ಕೂಲರಿನ ಹತ್ತಿರ ಬಾ. ಕೋಣೆಯೊಳಗೇ ಇಟ್ಟು ಕಿಟಕಿ ಮುಚ್ಚಿದರೆ ಅದು ಒಳಗಿನ ಗಾಳಿಯನ್ನೇ ಎಳೆದು, ಅದಕ್ಕೇ ಮತ್ತೆ ಮತ್ತೆ ನೀರು ಕುಡಿಸುತ್ತದೆ. ಮೊದಲ ಅರ್ಧ ತಾಸು ತಂಪು. ಆಮೇಲೆ ಗಾಳಿ ಒದ್ದೆಯಾಗಿ ಬೆವರು ಆರುವುದೇ ನಿಲ್ಲುತ್ತದೆ. ಚೀಟಿಯ ಕಾಗದ ಕೈಗೆ ಅಂಟುತ್ತದೆ, ಕೊರಳ ಹಿಂದೆ ಜಿಗಿ ಜಿಗಿ ಎನ್ನುತ್ತದೆ. ಕೂಲರಿನ ಬೆನ್ನು ಹೊರಗಿನ ಒಣ ಗಾಳಿಗೆ ತೆರೆದಿರಬೇಕು, ಎದುರು ಬದಿಯಲ್ಲಿ ಕಿಟಕಿಯೋ ಬಾಗಿಲೋ ಒಂದು ಗೇಣು ತೆರೆದು ಗಾಳಿ ಹೊರಬೀಳಬೇಕು. ಒಣ ಸೆಖೆಯ ಕಲಬುರಗಿಗೆ ಇದಕ್ಕಿಂತ ಅಗ್ಗದ ತಂಪು ಇನ್ನೊಂದಿಲ್ಲ. ಹೊಟ್ಟಿನ ಧೂಳಿನ ಭಯವಿದ್ದರೆ ಮಷೀನಿನ ಕಡೆಯ ಕಿಟಕಿ ಬಿಟ್ಟು ಬೇರೆ ಕಿಟಕಿಗೆ ಕೂರಿಸಲಿ. ಒದ್ದೆ ಹುಲ್ಲಿನ ಪ್ಯಾಡು ಒಂದಿಷ್ಟು ಧೂಳನ್ನೂ ಹಿಡಿಯುತ್ತದೆ. ಬರೀ ಫ್ಯಾನ್ ಇರುವವರಿಗೂ ಒಂದು ಮಾತು: ಕೋಣೆಯೊಳಗೇ 40 ಡಿಗ್ರಿ ದಾಟಿದರೆ ಫ್ಯಾನು ಮೈಯನ್ನು ಬಿಸಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಆಗ ಒದ್ದೆ ಟವೆಲ್ಲನ್ನು ಕೊರಳಿಗೆ ಹಾಕಿಕೊಳ್ಳಿ.

ನೀನು ಬರೆಯದ ಒಂದು ವಿಷಯ ನಾನೇ ಕೇಳುತ್ತೇನೆ. ನೀರು ಎಷ್ಟು ಕುಡಿಯುತ್ತಿ? ಆಫೀಸಿನಲ್ಲಿ ಹೆಂಗಸರಿಗೆ ಸರಿಯಾದ ಶೌಚಾಲಯ ಇದೆಯೇ? ಗಂಜಿನ (ದವಸದ ಪೇಟೆಯ) ಅಂಗಡಿಗಳಲ್ಲಿ, ಮಿಲ್ಲುಗಳಲ್ಲಿ ದುಡಿಯುವ ಎಷ್ಟೋ ಹೆಣ್ಣುಮಕ್ಕಳು ಮುಂಜಾನೆಯಿಂದ ಸಂಜೆ ತನಕ ಒಂದೇ ಲೋಟ ನೀರಿನಲ್ಲಿ ಇರುವುದನ್ನು ನಾನು ಬಲ್ಲೆ. ಕಾರಣವನ್ನು ಗಂಡಸು ಡಾಕ್ಟರಿಗೆ ಹೇಳಲು ನಾಚುತ್ತಾರೆ. ಕನೆಕ್ಟಿಕಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವತಿಯರನ್ನು ಪರೀಕ್ಷಿಸಿದಾಗ, ಮೈತೂಕದ 1.36% ನೀರು ಕಡಿಮೆಯಾದರೆ ಸಾಕು, ತಲೆನೋವು, ಬೇಸರ, ‘ಈ ಕೆಲಸ ಕಷ್ಟ’ ಎಂಬ ಭಾವನೆ, ಗಮನ ನಿಲ್ಲುತ್ತಿಲ್ಲ ಎಂಬ ದೂರು ಶುರುವಾದವು. ನಿನ್ನ ತೂಕ 55 ಕಿಲೋ ಎಂದುಕೊಂಡರೆ ಅದು ಮುಕ್ಕಾಲು ಲೀಟರ್ ಮಾತ್ರ. ಊಟಕ್ಕೆ ಮೊದಲು ಎರಡು ಲೋಟ, ಊಟದ ಜೊತೆ ಉಪ್ಪು ಹಾಕಿದ ತಿಳಿ ಮಜ್ಜಿಗೆ, ಎರಡೂವರೆಗೆ ಮತ್ತೊಂದು ಲೋಟ ಕುಡಿ. ಶೌಚಾಲಯವಿಲ್ಲದಿದ್ದರೆ ಅದನ್ನು ಮೊದಲು ಕೇಳು. ನಾಚಬೇಕಾದವಳು ನೀನಲ್ಲ.

ಬೆಳಕಿನದೂ ಒಂದು ಪಾಲಿದೆ. ಹಳೆಯ ಚೋಕಿನ ಟ್ಯೂಬ್‌ಲೈಟು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಕಣ್ಣಿಗೆ ಕಾಣದು. 1989ರಲ್ಲಿ ಬ್ರಿಟನ್ನಿನ ಒಂದು ಆಫೀಸಿನಲ್ಲಿ ಮಿನುಗದ ಎಲೆಕ್ಟ್ರಾನಿಕ್ ಚೋಕ್ ಹಾಕಿ ನೋಡಿದಾಗ ತಲೆನೋವು, ಕಣ್ಣು ನೋವು ಅರ್ಧಕ್ಕೂ ಕೆಳಗಿಳಿದವು. ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾದಲ್ಲಿ ದೀಪ ಹಿಡಿದು ನೋಡು; ಪಟಪಟ ಎಂದರೆ ಬದಲಿಸಲು ಹೇಳು. ಅಗ್ಗದ ಎಲ್‌ಇಡಿಗಳಲ್ಲೂ ಈ ದೋಷವಿರುತ್ತದೆ.

ಹಾಗಾದರೆ ಬೆಳಿಗ್ಗೆ ಯಾಕೆ ತಪ್ಪಾಗುವುದಿಲ್ಲ? ಮೆದುಳಿನ ಕಾಂಡದಲ್ಲಿ ಲೋಕಸ್ ಸೆರುಲಿಯಸ್ ಎಂಬ ಚಿಕ್ಕ ನರಕೋಶಗಳ ಗುಂಪಿದೆ. ಅದು ನಾರ್‌ಅಡ್ರಿನಲಿನ್ ಸುರಿಸಿ ಮೆದುಳನ್ನೆಲ್ಲ ಎಚ್ಚರದಲ್ಲಿಡುತ್ತದೆ. ಸುರಿದದ್ದು ಕಡಿಮೆಯಾದರೆ ತೂಕಡಿಕೆ, ಅತಿಯಾದರೆ ಗಾಬರಿ. ಹದದಲ್ಲಿದ್ದಾಗ ಮಾತ್ರ ಗಮನ ನಿಲ್ಲುತ್ತದೆ. ಒತ್ತಡಕ್ಕೂ ಕೆಲಸಕ್ಕೂ ಇಂಥದೇ ಸಂಬಂಧವನ್ನು 1908ರಷ್ಟು ಹಿಂದೆಯೇ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳಲ್ಲಿ ಕಂಡಿದ್ದರು. ಮುಂಜಾನೆ ಸದ್ದು, ಸೆಖೆ ಇದ್ದರೂ ನೀನು ಹೆಚ್ಚು ಶ್ರಮ ಹಾಕಿ ಹದ ಕಾಯ್ದುಕೊಳ್ಳುತ್ತಿ. ತಪ್ಪು ಕಾಣುವುದಿಲ್ಲ, ದಣಿವು ಮಾತ್ರ ಒಳಗೇ ಏರುತ್ತ ಇರುತ್ತದೆ. ಎರಡರಿಂದ ನಾಲ್ಕರ ನಡುವೆ ದೇಹದ ಗಡಿಯಾರವೇ ಎಚ್ಚರವನ್ನು ತುಸು ಇಳಿಸುತ್ತದೆ, ಊಟ ಬಿಟ್ಟರೂ ಇಳಿಸುತ್ತದೆ. ಪತ್ರಾಸು ಕಾದು ಕೆಂಡವಾಗುವುದೂ ಅದೇ ಹೊತ್ತು. ಎಲ್ಲವೂ ಮೂರು ಗಂಟೆಗೇ ಒಟ್ಟುಗೂಡುತ್ತವೆ.

ನೀನು ಮಾಡಬೇಕಾದದ್ದು ಹೆಚ್ಚಿಲ್ಲ. ಒಂದು ವಹಿಯಲ್ಲಿ ತಪ್ಪಾದ ಎಂಟ್ರಿಯನ್ನೂ ಅದರ ಹೊತ್ತನ್ನೂ ಎರಡು ವಾರ ಬರೆದಿಡು. ಹೊಸ ಎಂಟ್ರಿಯನ್ನು ಆದಷ್ಟು ಮಧ್ಯಾಹ್ನ ಒಂದು ಹೊಡೆಯುವ ಮೊದಲೇ ಮುಗಿಸಿ, ಆಮೇಲಿನ ಹೊತ್ತಿಗೆ ಚೀಟಿ ಜೋಡಿಸುವುದು, ಫೈಲು ಕಟ್ಟುವುದು ಇಟ್ಟುಕೋ. ತಡೆಯಲಾಗದ ಎಂಟ್ರಿ ಇದ್ದರೆ ಇನ್ನೊಬ್ಬರು ಚೀಟಿ ಓದಲಿ, ನೀನು ಒತ್ತಿ ತಿರುಗಿ ಓದಿ ಹೇಳು. ಮೇಜನ್ನು ಮಷೀನಿನ ಗೋಡೆಯಿಂದ ಸರಿಸು. ರಾತ್ರಿ ಗೊರಕೆ ಹೊಡೆದು ದಿನವೆಲ್ಲ ತೂಕಡಿಸುವುದಿದ್ದರೆ, ಅಥವಾ ಜನರೇಟರ್ ಹಚ್ಚಿದಾಗ ಕೋಣೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ತಲೆನೋವು ಬರುತ್ತಿದ್ದರೆ ತಡ ಮಾಡದೆ ತಿಳಿಸು. ಎರಡನೆಯದು ಕಾರ್ಬನ್ ಮೊನಾಕ್ಸೈಡ್ ಇರಬಹುದು, ಅದು ಜೀವಕ್ಕೆ ಅಪಾಯ.

ಮಾಲಕರೇ, ಈ ಪುಟ ನಿಮ್ಮ ಕೈಗೂ ಸಿಗಲಿ ಎಂಬ ಆಸೆಯಿಂದ ಎರಡು ಮಾತು. ಹುಡುಗಿ ಬರೆದಿಟ್ಟ ವಹಿ ನೋಡಿ. ತಪ್ಪುಗಳು ಮೂರರ ಮೇಲೆಯೇ ಬಿದ್ದಿದ್ದರೆ ಮೊಬೈಲಿನ ಮಾತು ಬಿಟ್ಟುಬಿಡಿ. ಮೊಬೈಲು ಮುಂಜಾನೆಯೂ ಅವಳ ಚೀಲದಲ್ಲೇ ಇತ್ತು. ಮಾಳಿಗೆಯ ತಗಡಿಗೆ ಬಿಳಿ ಸುಣ್ಣ ಹೊಡೆಸಿ. ಇದು ನನ್ನ ಸಲಹೆಯಲ್ಲ, 1948ರಲ್ಲಿ ಬಂದ ಕಾರ್ಖಾನೆ ಕಾಯ್ದೆಯ 13ನೇ ಕಲಮಿನ ಮೂಲ ಪಾಠದಲ್ಲೇ ಸೆಖೆ ಇಳಿಸಲು ಸುಣ್ಣ ಬಳಿಯುವುದು, ನೀರು ಸಿಂಪಡಿಸುವುದು, ಮಾಳಿಗೆ ಎತ್ತರಿಸುವುದು ಎಂದು ಬರೆದಿದ್ದರು. ನಮ್ಮ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರಲ್ಲ, ನಿಮ್ಮ ಆಫೀಸಿನ ಲೆಕ್ಕದ ಕೆಲಸವನ್ನೂ ಹಾಗೆ ಬದಲಿಸಲು ಯಾರ ಅಪ್ಪಣೆಯೂ ಬೇಡ.

ಮತ್ತು ಕೂಲರಿನ, ಫ್ಯಾನಿನ, ದೀಪದ ಸ್ವಿಚ್ಚು ಅವಳ ಕೈಗೆ ಸಿಗುವಂತಿರಲಿ. ಡೇವಿಡ್ ಗ್ಲಾಸ್, ಜೆರೋಮ್ ಸಿಂಗರ್ ಎಂಬ ಇಬ್ಬರು ಮನೋವಿಜ್ಞಾನಿಗಳು ಸುಮಾರು 1970ರಲ್ಲಿ ಜನರಿಗೆ ಹೇಳದೆ ಕೇಳದೆ ಗದ್ದಲ ಕೇಳಿಸಿ, ಆಮೇಲೆ ಅವರು ಮಾಡುವ ಕೆಲಸದ ತಪ್ಪು ಎಣಿಸಿದರು. ಕೆಲವರಿಗೆ ‘ತೀರಾ ಸಹಿಸಲಾಗದಿದ್ದರೆ ಈ ಗುಂಡಿ ಒತ್ತಿ, ಸದ್ದು ನಿಲ್ಲುತ್ತದೆ’ ಎಂದಿದ್ದರು. ಅವರು ಗುಂಡಿ ಒತ್ತಲೇ ಇಲ್ಲ, ಸದ್ದು ಅಷ್ಟೇ ಕೇಳಿದರು. ಆದರೂ ಅವರ ತಪ್ಪುಗಳು ಬಹಳ ಕಡಿಮೆ. ಬೇಕಾದರೆ ನಿಲ್ಲಿಸಬಲ್ಲೆ ಎಂಬ ಭರವಸೆಯೇ ಮೆದುಳಿನ ಅರ್ಧ ಭಾರ ಇಳಿಸುತ್ತದೆ. ನಾನು ಕಾರ್ಖಾನೆಯಲ್ಲಿ ಕಂಡದ್ದೂ ಇದೇ. ಕೇಳಿ ಹೊರಗೆ ಹೋಗಬೇಕಾದವನಿಗಿಂತ, ತನಗೆ ಬೇಕೆಂದಾಗ ಎದ್ದು ಐದು ನಿಮಿಷ ಗಾಳಿಗೆ ನಿಂತು ಬರಬಲ್ಲವನ ಕೈ ಹೆಚ್ಚು ನೆಟ್ಟಗಿರುತ್ತಿತ್ತು.

ಪ್ರಶ್ನೆ: ಯಾದಗಿರಿಯ ಒಂದು ಖಾಸಗಿ ರೀಡಿಂಗ್ ರೂಮಿನಲ್ಲಿ ಪಿಡಿಒ ಪರೀಕ್ಷೆಗೆ ಓದುತ್ತಿದ್ದೇನೆ. ಎಸಿ ಇದೆ, ಶಾಂತವಾಗಿದೆ, ಮೂವತ್ತಕ್ಕೂ ಹೆಚ್ಚು ಜನ ಕೂರುತ್ತೇವೆ. ಎರಡು ತಾಸಾದರೆ ಎಲ್ಲರೂ ಆಕಳಿಸಲು ಶುರು. ಆಕ್ಸಿಜನ್ ಕಡಿಮೆಯಾಗುತ್ತದೆಯೇ?
— ವಿದ್ಯಾರ್ಥಿ, ಯಾದಗಿರಿ

ಉತ್ತರ: ಆಕ್ಸಿಜನ್ ಕಡಿಮೆಯಾಗುವುದು ಲೆಕ್ಕಕ್ಕಿಲ್ಲದಷ್ಟು. ಏರುವುದು ಇಂಗಾಲದ ಡೈಆಕ್ಸೈಡ್. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಪಾಲು. ನೀವು ಬಿಡುವ ಉಸಿರಿನಲ್ಲಿ ನಲವತ್ತು ಸಾವಿರದ ಹತ್ತಿರ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಮೂವತ್ತು ಜನ ಮುಚ್ಚಿದ ಕೋಣೆಯಲ್ಲಿ ಎರಡು ತಾಸು ಕೂತರೆ 2000 ದಾಟುವುದು ಸಲೀಸು.

2012ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ 22 ಜನರನ್ನು 600, 1000, 2500ರ ಗಾಳಿಯಲ್ಲಿ ಕೂರಿಸಿ ನಿರ್ಧಾರ ತೆಗೆದುಕೊಳ್ಳುವ ಪರೀಕ್ಷೆ ಕೊಟ್ಟರು. 1000ಕ್ಕೇ ಅಂಕ ಇಳಿಯಿತು, 2500ಕ್ಕೆ ಕೆಲವು ವಿಭಾಗಗಳಲ್ಲಿ ತೀರಾ ಕುಸಿಯಿತು. ಆದರೆ ಜಲಾಂತರ್ಗಾಮಿ ನೌಕೆಯ ಸಿಬ್ಬಂದಿಯ ಮೇಲೆ ಆಮೇಲೆ ನಡೆದ ಪರೀಕ್ಷೆಯಲ್ಲಿ ಅಂಥ ಇಳಿತ ಕಾಣಲಿಲ್ಲ. ಹಾಗಾಗಿ ಆ ಅನಿಲ ಒಂದರ ಮೇಲೆಯೇ ಎಲ್ಲ ಹೊರೆ ಹಾಕುವುದು ಸರಿಯಲ್ಲ. ಅದು ಏರಿದೆ ಎಂದರೆ ಕೋಣೆಯ ಗಾಳಿ ಬದಲಾಗಿಲ್ಲ ಎಂದರ್ಥ. ಬೆವರು, ಬಣ್ಣ, ಹೊಸ ಪ್ಲೈವುಡ್ಡಿನ ವಾಸನೆ ಎಲ್ಲವೂ ಅದರ ಜೊತೆಗೇ ನಿಂತಿರುತ್ತವೆ. ತಾಸಿಗೊಮ್ಮೆ ಎದುರುಬದುರಿನ ಎರಡು ಕಿಟಕಿಯನ್ನು ಐದು ನಿಮಿಷ ತೆರೆಯಿರಿ. ಎಸಿ 18ಕ್ಕೆ ಇಡಬೇಡಿ, 24ರಿಂದ 26 ಸಾಕು. ಅತಿ ಚಳಿಯಲ್ಲೂ ಬೆರಳು ಮತ್ತು ಮನಸ್ಸು ಎರಡೂ ಸೆಟೆಯುತ್ತವೆ.

ಪ್ರಶ್ನೆ: ಬೀದರಿನ ಕೊಳಾರ ಕಡೆ ಒಂದು ಔಷಧ ಕಾರ್ಖಾನ್ಯಾಗ ರಾತ್ರಿ ಪಾಳಿ. ಸಿಸಿಟಿವಿ ನೋಡೂದು ಕೆಲಸ, ಹನ್ನೆರಡು ತಾಸು. ಕಣ್ಣು ತೆರದೇ ಇರ್ತಾವ, ಆದ್ರ ಗೇಟಿನ್ಯಾಗ ಮನುಷ್ಯಾ ಹಾದದ್ದು ಗೊತ್ತೇ ಆಗಿಲ್ಲ. ಸಾಹೇಬ್ರು ನೋಟಿಸ್ ಕೊಟ್ಟಾರ. ವಯಸ್ಸು 52. ಸಾಲ ಅದ, ಕೆಲಸ ಹೋದ್ರ ಕಷ್ಟ ಅದ ಅಕ್ಕೋರೆ.
— ಬೀದರ

ಉತ್ತರ: ಅಣ್ಣಾ, ನಿಮ್ಮ ಪತ್ರ ಓದಿ ಮನಸ್ಸಿಗೆ ಬೇಜಾರಾಯಿತು. ಈ ಉತ್ತರವನ್ನು ಕತ್ತರಿಸಿ ನೋಟಿಸಿನ ಜವಾಬಿಗೆ ಲಗತ್ತಿಸಿ.

ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ವಾಯುಪಡೆಯಲ್ಲಿ ರೇಡಾರ್ ಪರದೆ ನೋಡುವವರು ಶತ್ರುವಿನ ಗುರುತನ್ನು ತಪ್ಪಿಸುತ್ತಿದ್ದರು. ಕೇಂಬ್ರಿಡ್ಜಿನ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿದ. ಮುಳ್ಳು ಒಂದೊಂದೇ ಹೆಜ್ಜೆ ಇಡುತ್ತ, ಎಂದೋ ಒಮ್ಮೆ ಎರಡು ಹೆಜ್ಜೆ ಹಾರುತ್ತದೆ, ಹಾರಿದ್ದನ್ನು ಹೇಳಬೇಕು. 1948ರಲ್ಲಿ ಪ್ರಕಟವಾದ ಫಲಿತಾಂಶ ಇಷ್ಟು: ಮೊದಲ ಅರ್ಧ ತಾಸಿನಲ್ಲೇ ಗುರುತಿಸುವುದು ಇಳಿಯಿತು. ಕೂತವರು ಆರೋಗ್ಯವಂತ ತರುಣರು, ಪರೀಕ್ಷೆ ಎರಡೇ ತಾಸು. ನೀವು ಕೂರುವುದು ಹನ್ನೆರಡು ತಾಸು, ಅದೂ ರಾತ್ರಿ.

ಹಗಲು ಆರು ತಾಸು ಮಲಗುತ್ತೇನೆ, ಸಾಕು ಎನ್ನುವವರೂ ಇದ್ದಾರೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು 2003ರಲ್ಲಿ ತೋರಿಸಿದ್ದು ಹೀಗೆ: ಎರಡು ವಾರ ಬಿಡದೆ ದಿನಕ್ಕೆ ಆರು ತಾಸಷ್ಟೇ ಮಲಗಿದವರ ಎಚ್ಚರ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಇಳಿದಿತ್ತು. ಅವರಿಗೆ ಮಾತ್ರ ತಾವು ಅಷ್ಟೇನೂ ದಣಿದಿಲ್ಲ ಅನ್ನಿಸುತ್ತಿತ್ತು.

ಪರದೆಯ ಮುಂದೆ ಅರ್ಧ ತಾಸಿಗೊಮ್ಮೆ ಆಳು ಬದಲಾಗಬೇಕು, ಒಬ್ಬರು ಪರದೆ, ಇನ್ನೊಬ್ಬರು ಗೇಟು. ನಡುರಾತ್ರಿ ಇಪ್ಪತ್ತು ನಿಮಿಷದ ನಿದ್ದೆಗೆ ಅಧಿಕೃತವಾಗಿ ಅವಕಾಶ ಕೇಳಿ. ಕೋಣೆಯ ದೀಪ ಪ್ರಖರವಾಗಿರಲಿ. ಬೆಳಿಗ್ಗೆ ಬೈಕ್ ಹತ್ತಬೇಡಿ, ಯಾರದಾದರೂ ಹಿಂದೆ ಕೂತು ಹೋಗಿ. ಮತ್ತೊಂದು: ಕಾರ್ಖಾನೆಯ ದ್ರಾವಕದ ವಾಸನೆ ಮೊದಲು ಬರುತ್ತಿತ್ತು, ಈಗ ಬರುವುದಿಲ್ಲ ಎಂದರೆ ಅದು ಹೋಗಿದೆ ಎಂದಲ್ಲ, ಮೂಗು ಸೋತಿರುತ್ತದೆ. ಅಂಥ ಆವಿಯಿಂದಲೂ ಮಂಪರು ಬರುತ್ತದೆ. ರಜೆ ಮುಗಿಸಿ ಬಂದ ಮೊದಲ ದಿನ ಒಳಗೆ ಕಾಲಿಟ್ಟಾಗ ಏನು ವಾಸನೆ ಬಂತು ಎಂದು ಗಮನಿಸಿ ನನಗೆ ಬರೆಯಿರಿ.

ಪ್ರಶ್ನೆ: ಮಗ ಎಸ್‌ಎಸ್‌ಎಲ್‌ಸಿ. ಮನೆ ಮುಖ್ಯ ರಸ್ತೆಗೆ ಹಚ್ಚಿ ಇದೆ, ಮೈಕ್, ಲಾರಿ ಸದ್ದು. ಓದಿದ್ದು ನೆನಪು ಉಳಿಯುತ್ತಿಲ್ಲ ಎನ್ನುತ್ತಾನೆ. ಬುದ್ಧಿಗೆ ಯಾವ ಟಾನಿಕ್ ಕೊಡಲಿ?
— ತಾಯಿ, ಆಳಂದ

ಉತ್ತರ: ಯಾವುದೂ ಬೇಡ ತಾಯಿ. ಆ ದುಡ್ಡಿಗೆ ಹಣ್ಣು ತನ್ನಿ. ಹಿಂದಿನ ಕೋಣೆಗೋ ಅಡುಗೆಮನೆಗೋ ಅವನ ಮೇಜು ಹಾಕಿ, ರಸ್ತೆ ಕಡೆಯ ಬಾಗಿಲ ಸಂದಿಗೆ ದಪ್ಪ ಬಟ್ಟೆ ತುರುಕಿ, ರಾತ್ರಿಯ ಓದನ್ನು ನಸುಕಿಗೆ ಬದಲಿಸಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಮೈಕ್ ಹಚ್ಚುವುದಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ನಿರ್ಬಂಧವಿದೆ. 112ಕ್ಕೆ ಫೋನ್ ಮಾಡಲು ಅಂಜಬೇಡಿ. ಆಗಿದ್ದು ಆಯಿತು ಎಂಬ ಚಿಂತೆಯೂ ಬೇಡ. 1992ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ವಿಮಾನ ನಿಲ್ದಾಣವನ್ನು ಬೇರೆ ಕಡೆಗೆ ಸ್ಥಳಾಂತರಿಸಿದಾಗ ಎರಡೂ ಕಡೆಯ ಮಕ್ಕಳನ್ನು ಪರೀಕ್ಷಿಸಿದರು. ಹೊಸ ನಿಲ್ದಾಣದ ಬಳಿಯವರ ಓದು, ನೆನಪು ಕುಗ್ಗಿತು. ಹಳೆಯದು ಮುಚ್ಚಿದ ಮೇಲೆ ಅಲ್ಲಿನ ಮಕ್ಕಳದ್ದು ಸುಧಾರಿಸಿತು. ನಿಮ್ಮ ಮಗನಿಗೂ ಪರೀಕ್ಷೆಗೆ ಮೊದಲು ಸಮಯವಿದೆ, ಮೇಜನ್ನು ಇವತ್ತೇ ಸರಿಸಿ.